ಅಪಘಾತ ಪರಿಹಾರಧನವೂ ಸಾರ್ವಜನಿಕ ಚಿಕಿತ್ಸಾವೆಚ್ಚವೂ

ನಂಜನಗೂಡಿನ ರಸ್ತೆಯಲ್ಲಿ ಲಾರಿ ಬಡಿದು ಕಾಲು ಮುರಿದ ಕೂಲಿಕಾರನೊಬ್ಬನನ್ನು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಸೇರಿಸಿದರೆಂದು ಭಾವಿಸೋಣ. ಅವನ ಶಸ್ತ್ರಚಿಕಿತ್ಸೆ, ಔಷಧ, ಶುಶ್ರೂಷೆಗಳ ವೆಚ್ಚದ ಬಹುಭಾಗವನ್ನು ಹೊರುವುದು ಸರ್ಕಾರದ ಬೊಕ್ಕಸ. ಮುಂದೆ ಆತನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ, ಲೋಕ ಅದಾಲತ್ತಿನಲ್ಲಿ ವಿಮಾ ಸಂಸ್ಥೆಯೊಡನೆ ರಾಜಿ ಮಾಡಿಕೊಂಡು ಒಂದಿಷ್ಟು ಹಣವನ್ನು ಪಡೆಯುತ್ತಾನೆ. ಆ ಹಣದಲ್ಲಿ ಬೊಕ್ಕಸಕ್ಕೆ ಪಾಲುಂಟೆ ಎಂಬುದೇ ಪ್ರಕೃತ ವಿಚಾರ.

ನ್ಯಾಯಮಂಡಳಿಯು ಚಿಕಿತ್ಸಾವೆಚ್ಚವನ್ನು ಸಾಮಾನ್ಯವಾಗಿ ಬಿಲ್ಲುಗಳ ಆಧಾರದ ಮೇಲೆ ನಿರ್ಣಯಿಸುತ್ತದೆ. ಉಚಿತವಾಗಿ ಚಿಕಿತ್ಸೆ ಪಡೆದವನಲ್ಲಿ ಬಿಲ್ಲುಗಳೆಲ್ಲಿಯವು? ಆದುದರಿಂದ ಆ ಬಾಬಿನಲ್ಲಿ ಅವನಿಗೆ ದೊರೆಯುವುದು ಅಲ್ಪ. ಸರ್ಕಾರವೂ ಕೇಳದಿದ್ದಲ್ಲಿ ಲಾಭ ಹೊಂದುವವನು ತಪ್ಪಿತಸ್ಥನ ವಿಮಾದಾರನೇ ಹೊರತು ಬೇರೆ ಯಾರೂ ಅಲ್ಲ. ಈ ಅಂಶವನ್ನು ನಮ್ಮ ಪಠ್ಯಗ್ರಂಥಗಳು ಸಾಕಷ್ಟು ಎತ್ತಿ ತೋರಿಸುವುದಿಲ್ಲ.

ಮರುವಸೂಲಿಯ ಕಲ್ಪನೆ ನಮ್ಮ ಶಾಸನಗಳಿಗೆ ಅಪರಿಚಿತವೇನೂ ಅಲ್ಲ. 1948ರ ನೌಕರರ ರಾಜ್ಯ ವಿಮಾ ಅಧಿನಿಯಮದಲ್ಲಿ ಮೊದಲು 66 ಮತ್ತು 67ನೆಯ ಪ್ರಕರಣಗಳಿದ್ದುವು. ಮಾಲೀಕನ ಅಥವಾ ಮೂರನೆಯವನ ತಪ್ಪಿನಿಂದ ಕಾರ್ಮಿಕನು ಗಾಯಗೊಂಡರೆ, ನಿಗಮವು ತಾನು ಕೊಟ್ಟ ಸೌಲಭ್ಯದ ಬಾಬ್ತು ಆ ತಪ್ಪಿತಸ್ಥನಿಂದ ಹಣವನ್ನು ಪಡೆಯಲು ಅವು ಅವಕಾಶವಿತ್ತಿದ್ದುವು. 1966ರ ತಿದ್ದುಪಡಿಯು ಇವೆರಡನ್ನೂ ತೆಗೆದುಹಾಕಿತು. ಅದೇ ತಿದ್ದುಪಡಿಯಿಂದ ಹೊಸ ರೂಪ ತಳೆದ 53ನೆಯ ಪ್ರಕರಣವು, ಉದ್ಯೋಗಜನ್ಯ ಗಾಯಕ್ಕಾಗಿ ವಿಮೆ ಪಡೆದ ಕಾರ್ಮಿಕನು ಬೇರೆ ಕಾನೂನಿನನ್ವಯ ಮಾಲೀಕನಿಂದಾಗಲಿ ಇತರರಿಂದಾಗಲಿ ಪರಿಹಾರ ಪಡೆಯಲಾಗದೆಂದು ವಿಧಿಸಿತು. ಕಾರ್ಮಿಕನಿಗೆ ಎರಡು ಬಾರಿ ಹಣ ದೊರೆಯದಂತಾಯಿತು, ಸರಿಯೆ. ಆದರೆ ತಪ್ಪು ಮಾಡಿದವನ ಹೊರೆಯೂ ಇಳಿಯಿತಲ್ಲವೆ? ನನಗೆ ಇದು ವಿವೇಕದ ಕೊಡುಕೊಳ್ಳುವಿಕೆಯಾಗಿ ತೋರುವುದಿಲ್ಲ.

1988ರ ಮೋಟಾರು ವಾಹನ ಅಧಿನಿಯಮದ 163ನೆಯ ಪ್ರಕರಣದಲ್ಲಿ ಈ ತತ್ತ್ವದ ಒಂದು ಎಳೆ ಉಳಿದಿದೆ. ಗುದ್ದಿ ಪರಾರಿಯಾದ ವಾಹನದ ಅಪಘಾತದಲ್ಲಿ ಪರಿಹಾರ ಪಡೆದವನು ಮುಂದೆ ಬೇರೆ ಪರಿಹಾರವನ್ನೂ ಪಡೆದರೆ, ಮೊದಲಿನದಕ್ಕೆ ಸಮನಾದ ಮೊತ್ತ ಹಿಂದಿರುಗಬೇಕು.

ಆದರೆ ಎಷ್ಟನ್ನು ಹಿಂಪಡೆಯಬಹುದು? ಇದಕ್ಕೆ ಅಮೆರಿಕದ ಅನುಭವ ಬೋಧಪ್ರದ. ಅಲ್ಲಿ ಬಡವರಿಗೆ ವೈದ್ಯಕೀಯ ನೆರವೀಯುವ ಮೆಡಿಕೈಡ್ ಯೋಜನೆ 1965ರಲ್ಲಿ ಏರ್ಪಟ್ಟಿತು. ವೆಚ್ಚವನ್ನು ಹೊಣೆಗಾರರಿಂದ ವಸೂಲು ಮಾಡುವುದು ರಾಜ್ಯಗಳ ಕರ್ತವ್ಯ. ಆರ್ಕನ್ಸಾ ರಾಜ್ಯದ ಆಲ್‌ಬಾರ್ನ್ ಮೊಕದ್ದಮೆಯಲ್ಲಿ ಗಾಯಾಳುವಿನ ನಷ್ಟ ಸುಮಾರು 30 ಲಕ್ಷ ಡಾಲರು. ರಾಜಿಯಲ್ಲಿ ದೊರೆತದ್ದು 5,50,000. ರಾಜ್ಯವು ತಾನು ವೆಚ್ಚ ಮಾಡಿದ ಸುಮಾರು 2,15,000 ಡಾಲರನ್ನೂ ಕೇಳಿತು. 2006ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ರಾಜಿಯ ಹಣದಲ್ಲಿ ಚಿಕಿತ್ಸಾವೆಚ್ಚವನ್ನು ಪ್ರತಿನಿಧಿಸುವ ಭಾಗಕ್ಕೆ ಮಾತ್ರ ರಾಜ್ಯಕ್ಕೆ ಹಕ್ಕುಂಟೆಂದು ತೀರ್ಮಾನಿಸಿತು. ನಷ್ಟದ ಆರನೆಯ ಒಂದು ಪಾಲು ಮಾತ್ರ ದೊರೆತಿದ್ದುದರಿಂದ ರಾಜ್ಯಕ್ಕೂ ಅದೇ ಪ್ರಮಾಣದಲ್ಲಿ ಸುಮಾರು 35,600 ಡಾಲರು ಸಂದಿತು. ಕಳೆದುಹೋದ ದುಡಿಮೆಗೆ, ಪಟ್ಟ ನೋವಿಗೆ ಸಲ್ಲಬೇಕಾದ ಹಣ ಗಾಯಾಳುವಿನದಾಗಿಯೇ ಉಳಿಯಿತು. 2022ರ ಗಲ್ಲಾರ್ಡೊ ತೀರ್ಪು ಮುಂದಿನ ಚಿಕಿತ್ಸೆಗೆಂದು ಮೀಸಲಾದ ಹಣಕ್ಕೂ ರಾಜ್ಯದ ಕೈ ಚಾಚಲು ಎಡೆಮಾಡಿತು. ಮುಂದೆ ಊರುಗೋಲಿಗೂ ವೈದ್ಯನಿಗೂ ಬೇಕಾದ ಹಣವದು ಎಂಬುದನ್ನು ಮರೆಯಲಾಗದು.

ನಮ್ಮಲ್ಲಿ 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರ ಯೋಜನೆ ಬೇರೊಂದು ದಾರಿ ಹಿಡಿದಿದೆ. ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, 1,50,000 ರೂಪಾಯಿಗಳ ಮಿತಿಯಲ್ಲಿ, ನಗದಿಲ್ಲದ ಚಿಕಿತ್ಸೆ. ಹಣ ಆಸ್ಪತ್ರೆಗೆ ನೇರವಾಗಿ ನಿಧಿಯಿಂದ ಸಲ್ಲುತ್ತದೆ. ಗಾಯಾಳುವಿನ ಕೈಸೇರಿದ್ದನ್ನು ಮರಳಿ ಕೀಳುವ ಪ್ರಸಂಗವೇ ಇಲ್ಲಿಲ್ಲ. ಆದರೆ ಮುರಿದ ತೊಡೆಯ ಮೂಳೆ ಏಳು ದಿನಗಳಲ್ಲಿ ಕೂಡುವುದಿಲ್ಲ. ಎಂಟನೆಯ ದಿನದಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಅವನು ಮಲಗಿರುವಷ್ಟು ಕಾಲದ ಲೆಕ್ಕವನ್ನು ವಿಮಾದಾರನ ಮುಂದೆ ಇಡುವವರಾರು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.