ಬಾಣಂತಿಯರಲ್ಲಿ ಎದೆ ಬಿಗಿತ: ಮನೆಯಲ್ಲೇ ಮಾಡಬಹುದಾದ ಉಪಚಾರ

ಹೆರಿಗೆಯಾದ ಮೂರರಿಂದ ಐದನೆಯ ದಿನದೊಳಗೆ ಅನೇಕ ಬಾಣಂತಿಯರ ಎದೆ ಭಾರವಾಗಿ, ಕಲ್ಲಿನಂತೆ ಗಟ್ಟಿಯಾಗಿ, ಮುಟ್ಟಿದರೆ ನೋಯುತ್ತದೆ. ಇದನ್ನೇ 'ಹಾಲು ಕಟ್ಟಿದೆ' ಎನ್ನುತ್ತೇವೆ. ತಾಯಂದಿರೇ, ಗಾಬರಿ ಬೇಡ. ಹಾಲು ತುಂಬುವುದರ ಜೊತೆಗೆ ಎದೆಗೆ ರಕ್ತಸಂಚಾರ ಹೆಚ್ಚಿ ಊತ ಬರುವುದೇ ಇದಕ್ಕೆ ಕಾರಣ.

ನೋವಿಗೆ ಹೆದರಿ ಕೆಲವರು ಇದೇ ಸಮಯದಲ್ಲಿ ಮಗುವಿಗೆ ಬಾಟಲಿ ಹಾಲು ಆರಂಭಿಸುತ್ತಾರೆ. ಮಗು ಕುಡಿಯದಿದ್ದರೆ ಹಾಲು ಮತ್ತಷ್ಟು ಕಟ್ಟುತ್ತದೆ. ಹಾಗೆಯೇ ಮುಂದುವರಿದರೆ ಹಾಲಿನ ಉತ್ಪತ್ತಿಯೇ ಕುಗ್ಗುತ್ತದೆ. ಮಗು ಹಾಲು ಕುಡಿಯುವುದೇ ಇದಕ್ಕೆ ಮೊದಲ ಔಷಧಿ.

ಏನು ಮಾಡಬೇಕು?

1. ಹಗಲು ರಾತ್ರಿ ಸೇರಿ 24 ಗಂಟೆಗಳಲ್ಲಿ 8ರಿಂದ 12 ಬಾರಿ ಹಾಲುಣಿಸಿ. ಮಗು ತೊಟ್ಟನ್ನಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವನ್ನೂ ಬಾಯಿ ತುಂಬ ಹಿಡಿದಿರಬೇಕು.

2. ಎದೆ ಬಿಗಿದು ಮಗುವಿಗೆ ಹಿಡಿಯಲಾಗದಿದ್ದರೆ, ತೊಟ್ಟಿನ ಬುಡದ ಸುತ್ತ ಬೆರಳ ತುದಿಗಳನ್ನಿಟ್ಟು ಒಳಮುಖವಾಗಿ ಒಂದು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ನಂತರ ಕೈಯಿಂದ ಸ್ವಲ್ಪ ಹಾಲು ತೆಗೆಯಿರಿ. ಮೆದುವಾಗುವಷ್ಟು ಸಾಕು, ಪೂರ್ತಿ ಬರಿದು ಮಾಡಿದರೆ ಹಾಲು ಇನ್ನೂ ಹೆಚ್ಚು ತುಂಬುತ್ತದೆ.

3. ಹಾಲುಣಿಸುವ ಮುಂಚೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬೆಚ್ಚನೆಯ ಬಟ್ಟೆಯನ್ನು 2-3 ನಿಮಿಷ ಇಡಬಹುದು. ಹೆಚ್ಚು ಹೊತ್ತು ಶಾಖ ಕೊಟ್ಟರೆ ಊತ ಹೆಚ್ಚಬಹುದು.

4. ಹಾಲುಣಿಸಿದ ಮೇಲೆ ತಣ್ಣೀರಿನ ಬಟ್ಟೆಯನ್ನು 10-15 ನಿಮಿಷ ಇಡಿ. ಊತ, ನೋವು ತಗ್ಗುತ್ತವೆ. ಇದರಿಂದ ಮಗುವಿಗೆ ಶೀತವಾಗುವುದಿಲ್ಲ.

5. ಎಲೆಕೋಸಿನ ಎಲೆಗಳನ್ನು ಚೆನ್ನಾಗಿ ತೊಳೆದು, ತಂಪು ಮಾಡಿ, ತೊಟ್ಟು ಬಿಟ್ಟು ಸುತ್ತಲೂ 20 ನಿಮಿಷ ಇಡಬಹುದು. ಕೆಲವರಿಗೆ ಇದರಿಂದ ಆರಾಮ ಸಿಗುತ್ತದೆ. ಚರ್ಮ ಒಡೆದಿದ್ದರೆ ಬೇಡ.

ಏನು ಮಾಡಬಾರದು?

* ಎಣ್ಣೆ ಹಚ್ಚಿ ಬಲವಾಗಿ ತಿಕ್ಕಬೇಡಿ, ಬಟ್ಟೆಯಿಂದ ಬಿಗಿದು ಕಟ್ಟಬೇಡಿ.
* ಎದೆಗೆ ಮಲ್ಲಿಗೆ ಹೂ ಕಟ್ಟಬೇಡಿ. ಅದು ಹಾಲು ನಿಲ್ಲಿಸಲು ಬಳಸುವ ಉಪಾಯ. 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲೂ ಮಲ್ಲಿಗೆಯಿಂದ ಹಾಲು ಕಡಿಮೆಯಾದದ್ದು ಕಂಡುಬಂದಿದೆ.
* ಬಾಣಂತಿಗೆ ನೀರು ಕುಡಿಯಲು ತಡೆಯಬೇಡಿ. ಬಾಯಾರಿದಾಗಲೆಲ್ಲ ಕುಡಿಯಲಿ.
* ಮಗುವಿಗೆ ಸಕ್ಕರೆ ನೀರು, ಜೇನುತುಪ್ಪ ಕೊಡಬೇಡಿ.

ವೈದ್ಯರನ್ನು ಯಾವಾಗ ಕಾಣಬೇಕು?

101 ಡಿಗ್ರಿಗಿಂತ ಹೆಚ್ಚು ಜ್ವರ, ಚಳಿ, ಎದೆಯ ಒಂದು ಕಡೆ ಕೆಂಪಾಗಿ ಗಡ್ಡೆ, ತೊಟ್ಟಿನಿಂದ ಕೀವು, ಅಥವಾ 24 ಗಂಟೆ ಕಳೆದರೂ ನೋವು ಇಳಿಯದಿದ್ದರೆ ತಡಮಾಡದೆ ಬನ್ನಿ. ಮಗು ಸರಿಯಾಗಿ ಕುಡಿಯದೆ ಮಂಕಾಗಿದ್ದರೆ, ಮೂತ್ರ ಕಡಿಮೆಯಾದರೆ ಕೂಡಲೇ ತೋರಿಸಿ. ಎದೆಯಲ್ಲಿ ಬಾವು ಬಂದಿದ್ದರೂ ಸಾಮಾನ್ಯವಾಗಿ ಹಾಲುಣಿಸುವುದನ್ನು ನಿಲ್ಲಿಸಬೇಕಿಲ್ಲ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ಮನೆಯವರಿಗೆ ಒಂದು ಮಾತು: ಈ ದಿನಗಳಲ್ಲಿ ಬಾಣಂತಿಗೆ 'ನಿನಗೆ ಹಾಲು ಸಾಲದು' ಎನ್ನಬೇಡಿ. ಮನೆಗೆಲಸ ನೀವು ಮಾಡಿ, ಅವಳು ಮಗುವಿನೊಂದಿಗೆ ಮಲಗಲಿ. ಮಗು ಅತ್ತಾಗ ಬಾಟಲಿ ಹುಡುಕದೆ, ಮಗುವನ್ನು ತಾಯಿಯ ಮಡಿಲಿಗೆ ಕೊಡಿ.