ಆಟದ ಯಂತ್ರವೂ ಮನೆಯ ಅಂತರ್ಜಾಲವೂ

ನಾಲೆಯ ಕೊನೆಯ ಗದ್ದೆಗೆ ನೀರು ಬಾರದಿದ್ದರೆ ಬಲ್ಲ ರೈತನು ಗದ್ದೆಯನ್ನು ಬೈಯುವುದಿಲ್ಲ. ಗುದ್ದಲಿಯನ್ನು ಹೆಗಲಿಗೇರಿಸಿ, ಮೊದಲು ತನ್ನ ಗದ್ದೆಯ ಬಾಯನ್ನೂ, ಆಮೇಲೆ ಕಿರುಗಾಲುವೆಯನ್ನೂ, ಅಲ್ಲಿಂದ ತೂಬನ್ನೂ ನೋಡುತ್ತ ಮೇಲಕ್ಕೆ ನಡೆಯುವನು. ಕಬಿನಿಯ ನಾಲೆಯನ್ನು ಬಲ್ಲ ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಗೃಹಸ್ಥರಿಗೆ ಈ ಕ್ರಮವನ್ನು ನಾವು ಹೇಳಿಕೊಡಬೇಕಾದುದಿಲ್ಲ. ಆದರೆ ಮಕ್ಕಳ ಆಟದ ಯಂತ್ರಕ್ಕೆ ಅಂತರ್ಜಾಲವು ಬಾರದೆ ಹೋದಾಗ ಮಾತ್ರ ಈ ಜಾಣ್ಮೆಯು ಮರೆತುಹೋಗುವುದು. ಮಗನು ರೂಟರನ್ನು ನಿಂದಿಸುವನು; ತಂದೆಯು ಮಗನನ್ನು ಗದರಿಸುವನು; ಕೊನೆಗೆ ಹೆಚ್ಚು ಬೆಲೆಯ ಪ್ಲಾನೊಂದಕ್ಕೆ ಹಣ ಕಟ್ಟುವರು. ತೊಂದರೆಯು ಮಾತ್ರ ಇದ್ದ ಹಾಗೆಯೇ ಇರುವುದು.

ಆದುದರಿಂದ ಈ ವಿಷಯದಲ್ಲಿ ವಾಚಕರಿಗೆ ನಾಲ್ಕು ಮಾತುಗಳನ್ನು ತಿಳಿಸಬೇಕೆಂದು ನಮ್ಮ ಅಪೇಕ್ಷೆ. ಇದು ಬರಿಯ ಆಟದ ಮಾತೆಂದು ಹಿರಿಯರು ತಳ್ಳಿಬಿಡಬಾರದು. ಆಟದ ಯಂತ್ರಕ್ಕೆ ಬರುವ ತಂತಿಯೇ ಮಗಳ ಪಾಠವನ್ನೂ, ಪರದೇಶದಲ್ಲಿರುವ ಅಣ್ಣನ ಮುಖವನ್ನೂ, ಬ್ಯಾಂಕಿನ ವ್ಯವಹಾರವನ್ನೂ ಮನೆಗೆ ತರುವುದು. 1995ನೆಯ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ನಮ್ಮ ದೇಶದ ಸಾಮಾನ್ಯ ಜನರಿಗೆ ಅಂತರ್ಜಾಲವನ್ನು ತೆರೆದಾಗ ಅದು ಕೆಲವೇ ದೊಡ್ಡ ಪಟ್ಟಣಗಳ ಸೊತ್ತಾಗಿದ್ದಿತು. ಇಂದು ಕೂದಲೆಳೆಯಂತಹ ಗಾಜಿನ ತಂತಿಯ ಮೂಲಕ ಸಣ್ಣ ಊರುಗಳ ಬೀದಿಗೂ ಬಂದಿರುವುದು. ಮನೆಗೆ ಬಂದ ವಸ್ತುವಿನ ಗುಣದೋಷಗಳನ್ನು ಮನೆಯವರು ಅರಿಯಬೇಕಾದುದು ನ್ಯಾಯವೇ ಸರಿ.

ಈ ದಾರಿಯಲ್ಲಿ ನಾಲ್ಕು ಘಟ್ಟಗಳುಂಟು. ಆಟದ ಯಂತ್ರದಿಂದ ರೂಟರಿನವರೆಗೆ ಒಂದು. ರೂಟರಿನಿಂದ ಅಂತರ್ಜಾಲ ಕೊಡುವವರ ಕೇಂದ್ರದವರೆಗೆ ಎರಡು. ಅವರು ನಮ್ಮ ಮನೆಗೆ ಕೊಡುವ ವಿಳಾಸ ಮೂರು. ಆಟದ ಕಂಪೆನಿಯ ದೂರದ ಯಂತ್ರಶಾಲೆ ನಾಲ್ಕು. ದೋಷವು ಯಾವ ಘಟ್ಟದಲ್ಲಿದೆಯೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆಯೇ.

ಇದನ್ನು ತಿಳಿಯುವ ಸುಲಭವಾದ ಪರೀಕ್ಷೆಯೊಂದಿದೆ. ಮೊಬೈಲಿನ ಡೇಟಾವನ್ನು ನಿಲ್ಲಿಸಿ, ಮನೆಯ ವೈಫೈ ಒಂದರಿಂದಲೇ ಯಾವುದಾದರೂ ಹೊಸ ಪುಟವನ್ನು ತೆರೆದು ನೋಡತಕ್ಕದ್ದು. ಡೇಟಾವನ್ನು ನಿಲ್ಲಿಸದೆ ನೋಡಿದರೆ ವೈಫೈ ಸತ್ತಿದ್ದರೂ ಬದುಕಿರುವಂತೆ ತೋರುವುದು. ಮೊಬೈಲಿಗೂ ಬಾರದಿದ್ದರೆ ಆಟದ ಯಂತ್ರವು ನಿರಪರಾಧಿ. ಮೊಬೈಲಿಗೆ ಬಂದು ಯಂತ್ರಕ್ಕೆ ಮಾತ್ರ ಬಾರದಿದ್ದರೆ, ಆ ಯಂತ್ರದ ಸೆಟ್ಟಿಂಗ್ಸಿನಲ್ಲಿರುವ ಅಂತರ್ಜಾಲ ಪರೀಕ್ಷೆಯನ್ನು ನಡೆಸಬೇಕು. ಪ್ಲೇಸ್ಟೇಷನ್ನಿನಲ್ಲಾದರೆ ವಿಳಾಸವು ಸಿಕ್ಕಿತೆ, ಅಂತರ್ಜಾಲವು ಸಿಕ್ಕಿತೆ, ಕಂಪೆನಿಯ ಜಾಲದೊಳಕ್ಕೆ ಪ್ರವೇಶವಾಯಿತೆ ಎಂಬುದನ್ನು ಅದು ಒಂದೊಂದಾಗಿ ತೋರಿಸುವುದು. ಎಲ್ಲಿ ನಿಂತಿತೋ ಅಲ್ಲಿಯೇ ಹುಡುಕತಕ್ಕದ್ದು.

ಮೊದಲನೆಯ ಘಟ್ಟದ ದೋಷವು ಬಹುಮಟ್ಟಿಗೆ ಮನೆಯ ಕಟ್ಟಡದಿಂದಲೇ ಬರುವುದು. ತಂತಿಯೆಳೆಯಲು ಬಂದವರು ರೂಟರನ್ನು ತಮಗೆ ಅನುಕೂಲವಾದ ತಲಬಾಗಿಲ ಬಳಿಯಲ್ಲಿ ಮೊಳೆ ಹೊಡೆದು ಹೋಗುವರು. ಟೀವಿಯೂ ಆಟದ ಯಂತ್ರವೂ ಒಳಗಿನ ಕೋಣೆಯಲ್ಲಿರುವುವು. ಹಳೆಯ ತೊಟ್ಟಿಮನೆಯ ದಪ್ಪ ಗೋಡೆ, ಕಬ್ಬಿಣದ ಬೀರು, ನೀರು ತುಂಬಿದ ತೊಟ್ಟಿ ಇವೆಲ್ಲವೂ ವೈಫೈ ಅಲೆಗೆ ಅಡ್ಡಿ. ರೂಟರು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ಅಲೆಗಳನ್ನು ಬಿಡುವುದು. ಮೊದಲನೆಯದು ಗೋಡೆಯನ್ನು ಹೆಚ್ಚಾಗಿ ದಾಟುವುದಾದರೂ ನೆರೆಹೊರೆಯವರ ವೈಫೈಗಳಿಂದಲೂ ಅಡಿಗೆಮನೆಯ ಮೈಕ್ರೋವೇವಿನಿಂದಲೂ ಕಲಕಿಹೋಗುವುದು. ಎರಡನೆಯದು ವೇಗವಾದುದು, ಆದರೆ ಗೋಡೆಗೆ ಬೇಗ ಸೋಲುವುದು. ಯಂತ್ರವು ರೂಟರಿನ ಕೋಣೆಯಲ್ಲೇ ಇದ್ದರೆ ಎರಡನೆಯದೂ, ಗೋಡೆಗಳಾಚೆ ಇದ್ದರೆ ಮೊದಲನೆಯದೂ ಲೇಸು. ಎಲ್ಲಕ್ಕಿಂತಲೂ ಮೇಲಾದುದು ರೂಟರಿನಿಂದ ಯಂತ್ರಕ್ಕೆ ನೇರವಾಗಿ ಒಂದು ಲ್ಯಾನ್ ತಂತಿಯನ್ನು ಎಳೆಯುವುದು. ಅಂತಹ ತಂತಿಯು 100 ಮೀಟರಿನವರೆಗೂ ಕೆಲಸಮಾಡುವುದರಿಂದ ಯಾವ ಮನೆಗೂ ಸಾಲದೆ ಹೋಗದು. ಹೊಸ ಪ್ಲಾನಿಗಿಂತ ಇದರ ಖರ್ಚೂ ಕಡಮೆ.

ಯಂತ್ರಕ್ಕೆ ದೊರೆತ ವಿಳಾಸವು 169.254 ಎಂದು ಆರಂಭವಾದರೆ ರೂಟರು ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲವೆಂದು ಅರ್ಥ. ಆಗ ಎರಡನ್ನೂ ಆರಿಸಿ, ಮೊದಲು ರೂಟರನ್ನು ಹೊತ್ತಿಸಿ, ಅದರ ದೀಪಗಳು ನೆಲೆಗೊಳ್ಳುವವರೆಗೆ ಎರಡು ಮೂರು ನಿಮಿಷ ಕಾದು, ಆಮೇಲೆ ಆಟದ ಯಂತ್ರವನ್ನು ಹೊತ್ತಿಸತಕ್ಕದ್ದು. ಕರೆಂಟು ಹೋಗಿ ಬಂದಾಗಲೂ ಇದೇ ಕ್ರಮ. ವಿಳಾಸವು ಸಿಕ್ಕಿಯೂ ಡಿಎನ್‌ಎಸ್ ದೋಷವೆಂದು ತೋರಿದರೆ, ಸೆಟ್ಟಿಂಗ್ಸಿನಲ್ಲಿ ಆ ಸ್ಥಾನಕ್ಕೆ 8.8.8.8 ಅಥವಾ 1.1.1.1 ಎಂಬ ಅಂಕಿಗಳನ್ನು ಬರೆದು ನೋಡಬಹುದು.

ಎರಡನೆಯ ಘಟ್ಟವನ್ನು ರೂಟರಿನ ದೀಪವೇ ಹೇಳುವುದು. ಎಲ್‌ಓಎಸ್ ಎಂಬ ದೀಪವು ಕೆಂಪಾಗಿ ಮಿನುಗಿದರೆ ಗಾಜಿನ ತಂತಿಯಲ್ಲಿ ಬೆಳಕು ಬರುತ್ತಿಲ್ಲವೆಂದು ತಿಳಿಯತಕ್ಕದ್ದು. ಕಬ್ಬಿನ ಹೊರೆ ಹೊತ್ತ ಲಾರಿಗೆ ಸಿಕ್ಕಿಯೋ, ಮರದ ಕೊಂಬೆ ಬಿದ್ದೋ ಕಂಬದ ಮೇಲಿನ ತಂತಿಯು ತುಂಡಾಗಿರಬಹುದು. ಒಳಗೆ ಪೀಠೋಪಕರಣದ ಹಿಂದೆ ಮಡಿಚಿಕೊಂಡಿರಲೂಬಹುದು. ಈ ತಂತಿಯನ್ನು ಕಿತ್ತು ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಅದರಲ್ಲಿ ಹರಿಯುವ ಬೆಳಕು ಕಾಣದು, ಆದರೆ ಕಣ್ಣಿಗೆ ಹಾನಿ ಮಾಡಬಲ್ಲುದು. ರೂಟರಿನ ಹಿಂದೆ ಸೂಜಿಯಿಂದ ಒತ್ತುವ ಸಣ್ಣ ರಂಧ್ರವನ್ನೂ ಮುಟ್ಟದಿರುವುದು ಕ್ಷೇಮ. ಅದನ್ನೊತ್ತಿದರೆ ಕಂಪೆನಿಯವರು ಬರೆದಿಟ್ಟ ಹೆಸರೂ ಗುಪ್ತಪದವೂ ಅಳಿಸಿಹೋಗಿ, ಸಣ್ಣ ದೋಷವು ದೊಡ್ಡದಾಗುವುದು.

ಮೂರನೆಯ ಘಟ್ಟದ ದೋಷವೇ ಎಲ್ಲಕ್ಕಿಂತ ಹೆಚ್ಚು ಜಗಳಕ್ಕೆ ಕಾರಣ. ನಂಜನಗೂಡಿನ ಹುಡುಗನೊಬ್ಬನು ನರಸೀಪುರದ ತನ್ನ ಸೋದರಮಾವನ ಮಗನೊಡನೆ ಆಡಬೇಕೆಂದಿರುವನೆನ್ನೋಣ. ಇಬ್ಬರ ಮನೆಯಲ್ಲಿಯೂ ಸಿನಿಮಾ ಚೆನ್ನಾಗಿ ಬರುವುದು. ಆದರೂ ಒಬ್ಬನ ಮಾತು ಇನ್ನೊಬ್ಬನಿಗೆ ಕೇಳಿಸದು. ಇಬ್ಬರೂ ಮತ್ತೊಬ್ಬನ ಮನೆಯದೇ ತಪ್ಪೆನ್ನುವರು. ನಿಜವಾದ ಕಾರಣವು ಬೇರೆ. ಅಂತರ್ಜಾಲದ ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಅವುಗಳ ಜಗತ್ತಿನ ಮೂಲ ಸಂಗ್ರಹವು 2011ನೆಯ ಫೆಬ್ರವರಿಯಲ್ಲಿಯೇ ಬರಿದಾಯಿತು. ಆದುದರಿಂದ ಅನೇಕ ಕಂಪೆನಿಗಳು ಹಲವು ಮನೆಗಳಿಗೆ ಒಂದೇ ವಿಳಾಸವನ್ನು ಹಂಚುತ್ತವೆ. ಇದು ವಠಾರಕ್ಕೆ ಒಂದೇ ಹೆಬ್ಬಾಗಿಲು ಇದ್ದಂತೆ. ಒಳಗಿನವರು ಹೊರಗೆ ಹೋಗಿಬರಬಹುದು. ಹೊರಗಿನಿಂದ ತಾನಾಗಿ ಬಂದ ನೆಂಟನಿಗೆ ಮಾತ್ರ ಯಾವ ಮನೆಯೆಂದು ತಿಳಿಯದು.

ಪ್ಲೇಸ್ಟೇಷನ್ನಿನ ಪರೀಕ್ಷೆಯಲ್ಲಿ ನ್ಯಾಟ್ 3 ಎಂದೋ, ಎಕ್ಸ್‌ಬಾಕ್ಸಿನಲ್ಲಿ ಸ್ಟ್ರಿಕ್ಟ್ ಎಂದೋ ತೋರಿದರೆ ಬಾಗಿಲು ಬಿಗಿಯಾಗಿದೆಯೆಂದು ಅರ್ಥ. ಮನೆಯಲ್ಲಿ ಒಂದರ ಹಿಂದೊಂದು ಎರಡು ರೂಟರುಗಳಿದ್ದರೆ ಒಂದನ್ನು ಬರಿಯ ಸೇತುವೆಯಂತೆ ಕೆಲಸಮಾಡುವ ಬ್ರಿಜ್ ಕ್ರಮಕ್ಕೆ ಬದಲಿಸಬೇಕು. ರೂಟರಿನಲ್ಲಿ ಯುಪಿಎನ್‌ಪಿ ಎಂಬುದನ್ನು ತೆರೆಯಬೇಕು. ಇಷ್ಟಾದರೂ ಗುಣ ಕಾಣದಿದ್ದರೆ ರೂಟರಿನ ಪುಟದಲ್ಲಿ ಅದರ ಹೊರವಿಳಾಸವನ್ನು ನೋಡತಕ್ಕದ್ದು. ಅದು 100.64 ರಿಂದ 100.127 ರೊಳಗಿನ ಅಂಕಿಯಿಂದ ಆರಂಭವಾಗಿದ್ದರೆ ವಿಳಾಸವು ಹಂಚಿಕೆಯದೇ. ಮನೆಯೊಳಗಿನ ಯಾವ ಬದಲಾವಣೆಯೂ ಆ ಹೆಬ್ಬಾಗಿಲನ್ನು ತೆರೆಯಲಾರದು. ಪ್ರತ್ಯೇಕವಾದ ಸಾರ್ವಜನಿಕ ವಿಳಾಸವು ದೊರೆಯುವುದೇ, ಅದಕ್ಕೆ ಶುಲ್ಕವೆಷ್ಟು ಎಂದು ಕಂಪೆನಿಯವರನ್ನು ಕೇಳುವುದೇ ದಾರಿ.

ನಾಲ್ಕನೆಯ ಘಟ್ಟದಲ್ಲಿ ನಮ್ಮ ಕೈಯಲ್ಲೇನೂ ಇಲ್ಲ. 2011ನೆಯ ಏಪ್ರಿಲ್ 20ರಂದು ಕಳ್ಳರ ಕೈವಾಡದಿಂದ ಪ್ಲೇಸ್ಟೇಷನ್ನಿನ ಜಾಲವನ್ನು ಮುಚ್ಚಬೇಕಾಗಿ ಬಂದು, ಮೂರು ವಾರಕ್ಕೂ ಹೆಚ್ಚು ಕಾಲ ಲೋಕವೆಲ್ಲವೂ ಕಾದುಕೊಂಡಿತು, ಸುಮಾರು 7.7 ಕೋಟಿ ಖಾತೆಗಳ ವಿವರವು ಅಪಾಯಕ್ಕೀಡಾಯಿತು. 2025ನೆಯ ಫೆಬ್ರವರಿಯಲ್ಲಿಯೂ ಅದೇ ಜಾಲವು ಸುಮಾರು ಒಂದು ದಿನ ನಿಂತಿತು. ಅಂತಹ ದಿನ ರೂಟರನ್ನು ಹತ್ತು ಸಲ ಆರಿಸಿ ಹೊತ್ತಿಸಿದರೂ ಫಲವಿಲ್ಲ. ಕಂಪೆನಿಗಳು ತಮ್ಮ ಜಾಲದ ಸ್ಥಿತಿಯನ್ನು ಪ್ರಕಟಿಸುತ್ತಿರುತ್ತವೆ; ಅದನ್ನು ಮೊಬೈಲಿನಲ್ಲಿ ನೋಡಿ ಸುಮ್ಮನಿರುವುದೇ ವಿವೇಕ.

ಹೆಚ್ಚು ಹಣದ ಪ್ಲಾನಿನ ವಿಷಯವಾಗಿಯೂ ಒಂದು ಮಾತು. ದೊಡ್ಡ ಆಟವನ್ನು ಇಳಿಸಿಕೊಳ್ಳಲು ವೇಗವು ಬೇಕು. 50 ಗಿಗಾಬೈಟಿನ ಆಟಕ್ಕೆ 40 ಮೆಗಾಬಿಟ್ಟಿನ ವೇಗದಲ್ಲಿ ಸುಮಾರು ಮೂರು ಗಂಟೆ ಹಿಡಿಯುವುದು. ಆದರೆ ಆಡುವಾಗ ಬೇಕಾದ ವೇಗವು ಸ್ವಲ್ಪವೇ. ಅಲ್ಲಿ ಮುಖ್ಯವಾದುದು ವಿಳಂಬ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುವುದು. ಆಟದ ಯಂತ್ರಶಾಲೆಯು ಸಿಂಗಪುರದಲ್ಲಿದ್ದರೆ ಅದು ನಂಜನಗೂಡಿನಿಂದ 3,000 ಕಿಲೋಮೀಟರಿಗೂ ದೂರ. ಹೋಗಿಬರಲು ಕಡಮೆಯೆಂದರೂ 30 ಮಿಲಿಸೆಕೆಂಡು ಬೇಕು. ಎಷ್ಟು ರೂಪಾಯಿ ಕಟ್ಟಿದರೂ ಸಮುದ್ರವು ಕಿರಿದಾಗದು. ಆಟದಲ್ಲಿ ಹತ್ತಿರದ ಕೇಂದ್ರವನ್ನು ಆರಿಸಿಕೊಳ್ಳುವುದೂ, ಆಡುವ ಹೊತ್ತಿನಲ್ಲಿ ಮನೆಯ ಇತರರು ದೊಡ್ಡ ಕಡತಗಳನ್ನು ಇಳಿಸದಿರುವುದೂ ಹಣವಿಲ್ಲದ ಪರಿಹಾರಗಳು.

ಕೊನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ, ಫಲವನ್ನು ಪುಸ್ತಕವೊಂದರಲ್ಲಿ ಮಕ್ಕಳ ಕೈಯಿಂದಲೇ ಬರೆಯಿಸತಕ್ಕದ್ದು. ಎಷ್ಟು ಗಂಟೆಗೆ ನಿಂತಿತು, ಯಾವ ದೀಪವು ಉರಿಯುತ್ತಿತ್ತು, ಮೊಬೈಲಿಗೆ ಬಂದಿತೆ ಇಲ್ಲವೆ ಎಂಬ ಮೂರು ಸಾಲುಗಳನ್ನು ಓದಿ ಹೇಳಿದರೆ ದುರಸ್ತಿಯವರಿಗೂ ಕೆಲಸವು ಹಗುರವಾಗುವುದು. ಗದರಿಕೆಯಿಂದ ಕಲಿಯದ ತಾಳ್ಮೆಯನ್ನೂ ವಿಚಾರವನ್ನೂ ಮಗುವು ಈ ಹುಡುಕಾಟದಿಂದ ಕಲಿಯುವುದು. ಆಟದ ಯಂತ್ರವು ಮನೆಗೆ ಅಷ್ಟನ್ನು ಕೊಟ್ಟರೆ, ಅದಕ್ಕೆ ತೆತ್ತ ಹಣವು ವ್ಯರ್ಥವಾಗಲಿಲ್ಲವೆಂದೇ ನಾವು ಎಣಿಸುತ್ತೇವೆ.