ವಿಕಿಪೀಡಿಯದಲ್ಲಿದ್ದರೆ ಸಾಕೇ?

ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದಷ್ಟೆ. ಆದರೆ ಹೊಸ ಸಂಸ್ಥೆಯೊಂದರ ಲೇಖನ ಸೇರಿಸಬೇಕಾದರೆ ಅಲ್ಲೊಂದು ಕಟ್ಟುಪಾಡಿದೆ. ಸಂಸ್ಥೆ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು ಸಾಲದು. ಅದರೊಡನೆ ಸಂಬಂಧವಿಲ್ಲದ, ನಂಬಲರ್ಹ ಪತ್ರಿಕೆ, ಪುಸ್ತಕಗಳು ಅದರ ಕುರಿತು ವಿವರವಾಗಿ ಬರೆದಿರಬೇಕು. ಕರಪತ್ರ, ಜಾಹೀರಾತು ಲೆಕ್ಕಕ್ಕಿಲ್ಲ.

ಈ ಜರಡಿಯೂ ಸೋರುವುದುಂಟು. ಐಐಪಿಎಂ ಎಂಬ ಮ್ಯಾನೇಜ್‌ಮೆಂಟ್ ಸಂಸ್ಥೆಯ ಪುಟವನ್ನು ಅದಕ್ಕೆ ಅನುಕೂಲವಾಗುವಂತೆ ತಿದ್ದುತ್ತಿದ್ದವರು ಇಂಗ್ಲಿಷ್ ವಿಕಿಪೀಡಿಯದ ನಿರ್ವಾಹಕರಲ್ಲೇ ಒಬ್ಬರು! ಅವರನ್ನು ನಿಷೇಧಿಸಿದ್ದು 2015ರಲ್ಲಿ. ಅಷ್ಟರೊಳಗೆ, 2014ರಲ್ಲೇ, ಆ ಸಂಸ್ಥೆ ಎಂಬಿಎ ಎಂಬ ಪದ ಬಳಸಕೂಡದೆಂದು ದೆಹಲಿ ಹೈಕೋರ್ಟು ಆದೇಶಿಸಿತ್ತು. ಪುಟ ನೋಡಿ ಶುಲ್ಕ ಕಟ್ಟಿದವರಿದ್ದರೆ ಅವರ ಗತಿ?

ಪದವಿ ಕೊಡುವ ಹಕ್ಕು ಯಾರಿಗುಂಟೆಂದು 1956ರ ಯುಜಿಸಿ ಕಾಯಿದೆಯ 22ನೇ ಕಲಮು ಹೇಳುತ್ತದೆ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿ ಪ್ರಕಟಿಸುತ್ತದೆ. ಪೋಷಕರು ಮೊದಲು ನೋಡಬೇಕಾದದ್ದು ಅದನ್ನು.